ಐಡ್ಲಿಂಗ್ ಏರಿಳಿತದ ದುರಸ್ತಿ: ಸ್ಪ್ರೇ ಡಬ್ಬಿಯನ್ನು ಎಂಜಿನ್ನಿನಿಂದ ದೂರವಿಟ್ಟು ಮಾಡಿದ ಕೆಲಸ

ಅಕ್ಕನ ಮನೆಯ ಹಳೆಯ ಪೆಟ್ರೋಲ್ ಕಾರು ನ್ಯೂಟ್ರಲ್‌ನಲ್ಲಿ ನಿಂತು ಎಂಜಿನ್ ಮಾತ್ರ ತಿರುಗುವಾಗ, ಅಂದರೆ ಐಡ್ಲಿಂಗ್ ಹೊತ್ತಿನಲ್ಲಿ, ಒಂದೇ ಸಮನೆ ಓಡುತ್ತಿರಲಿಲ್ಲ. ಎಂಜಿನ್ ಬಿಸಿಯಾದ ಮೇಲೆ 800 ಆರ್‌ಪಿಎಂ (ನಿಮಿಷಕ್ಕೆ ಎಂಜಿನ್ ತಿರುಗುವ ಸುತ್ತುಗಳು) ಆಸುಪಾಸಿನಲ್ಲಿ ನಿಲ್ಲಬೇಕಾದ ಮುಳ್ಳು 1300ರವರೆಗೆ ಏರಿ, 900ಕ್ಕೆ ಇಳಿದು, ಮತ್ತೆ ಏರುತ್ತಿತ್ತು. ಕಾರಿನ ಕಂಪ್ಯೂಟರಿನ ಅಂಕಿಗಳನ್ನು ತೋರಿಸುವ ಸ್ಕ್ಯಾನರ್ ಹಚ್ಚಿ ನೋಡಿದಾಗ, ಎಂಜಿನ್ನಿಗೆ ಗಾಳಿ ಹಂಚುವ ಇಂಟೇಕ್ ಮ್ಯಾನಿಫೋಲ್ಡ್ ಒಳಗಿನ ಒತ್ತಡ 35 ಕಿಲೋಪಾಸ್ಕಲ್ ಹತ್ತಿರ ಇರುವ ಬದಲು 45ನ್ನು ದಾಟಿತ್ತು. ಒಳಹೋಗುವ ಗಾಳಿಯನ್ನು ಹಿಡಿತದಲ್ಲಿಡುವ ಥ್ರಾಟಲ್ ತಟ್ಟೆ ಮುಚ್ಚಿದ್ದರೂ ಬೇರೆಲ್ಲಿಂದಲೋ ಗಾಳಿ ಒಳಗೆ ಹೋಗುತ್ತಿದೆ ಎಂಬುದಕ್ಕೆ ಇಷ್ಟು ಸಾಕ್ಷಿ ಸಾಕು. ಈ ಕಾರಿನ ಕಂಪ್ಯೂಟರ್ ಗಾಳಿಯ ಪ್ರಮಾಣವನ್ನು ಮ್ಯಾನಿಫೋಲ್ಡ್ ಒತ್ತಡದಿಂದಲೇ ಲೆಕ್ಕ ಹಾಕುವುದರಿಂದ, ಕಳ್ಳದಾರಿಯಿಂದ ಬಂದ ಗಾಳಿಗೂ ಅದು ತಕ್ಕಷ್ಟು ಪೆಟ್ರೋಲ್ ಕೊಡುತ್ತದೆ, ವೇಗ ಏರುತ್ತದೆ, ಏರಿದ್ದನ್ನು ಕಂಡು ಐಡ್ಲಿಂಗ್ ಹೊತ್ತಿನ ಗಾಳಿ ಬಿಡುವ ಐಡಲ್ ವಾಲ್ವನ್ನು ಮುಚ್ಚುತ್ತದೆ, ವೇಗ ಇಳಿಯುತ್ತದೆ, ಮತ್ತೆ ತೆರೆಯುತ್ತದೆ. ಮುಳ್ಳಿನ ಏರಿಳಿತದ ಕಾರಣ ಇದು.

ಕೆಲಸ ಎರಡು ಭಾಗದ್ದು. ಮೊದಲು ಗಾಳಿ ಎಲ್ಲಿ ಸೋರುತ್ತಿದೆ ಎಂದು ಹುಡುಕಬೇಕು, ಆಮೇಲೆ ಹೇಗೂ ಕೈಹಾಕಿದ ಮೇಲೆ ಆ ತಟ್ಟೆಯನ್ನು ಹೊತ್ತಿರುವ, ಮಸಿಗಟ್ಟಿದ ಥ್ರಾಟಲ್ ಬಾಡಿಯನ್ನು ಸ್ವಚ್ಛಗೊಳಿಸಬೇಕು. ಎರಡಕ್ಕೂ ಒಂದೇ ಮದ್ದು ಎಂಬಂತೆ ನಮ್ಮ ಕಡೆಯ ಗ್ಯಾರೇಜುಗಳಲ್ಲಿ ಬಳಸುವುದು ಮಸಿ ಕರಗಿಸುವ ಕಾರ್ಬ್ ಕ್ಲೀನರ್ ಸ್ಪ್ರೇ ಡಬ್ಬಿಯನ್ನು. ಬಾಗಲಕೋಟೆ ನವನಗರದ ನಮ್ಮ ಮನೆಯ ಮುಂದಿನ ಶೆಡ್ಡಿಗೆ ಕಾರು ತಂದು ನಿಲ್ಲಿಸಿದ ಅಕ್ಕನ ಮಗ, ಡಬ್ಬಿಯನ್ನು ಕೈಯಲ್ಲಿ ಹಿಡಿದುಕೊಂಡೇ ಬಂದಿದ್ದ. ಅವನು ಪಾಲಿಟೆಕ್ನಿಕ್‌ನಲ್ಲಿ ಓದುವವನು, ಕೈಚಳಕ ಇರುವ ಹುಡುಗ.

“ಮಾಮಾ, ಗ್ಯಾರೇಜಿನ್ಯಾಗ ಗಾಡಿ ಚಾಲೂ ಇಟ್ಟ ಪೈಪಿನ ಮ್ಯಾಲ ಇದನ್ನ ಹೊಡಿತಾರ. ಎಲ್ಲಿ ಲೀಕ್ ಐತಿ ಅಲ್ಲಿ ರೇಸ್ ಏರತೈತಿ. ಐದ ಮಿನಿಟಿನ ಕೆಲಸ,” ಎಂದ.

ಅವನು ಹೇಳಿದ್ದು ಸುಳ್ಳಲ್ಲ. ಓಡುವ ಎಂಜಿನ್ನಿನ ಮೇಲೆ ಕಾರ್ಬ್ ಕ್ಲೀನರ್ ಸಿಂಪಡಿಸಿದರೆ ಸೋರುವ ಜಾಗದಿಂದ ಅದರ ಆವಿ ಒಳಗೆ ಹೋಗಿ ಇಂಧನದಂತೆ ಉರಿಯುತ್ತದೆ, ಎಂಜಿನ್ನಿನ ದನಿ ಬದಲಾಗುತ್ತದೆ, ಸೋರಿಕೆ ಸಿಗುತ್ತದೆ. ಆದರೆ ಒಳಗೆ ಹೋಗುವುದು ಸಿಂಪಡಿಸಿದ್ದರಲ್ಲಿ ಒಂದು ಚೂರು ಮಾತ್ರ. ಉಳಿದದ್ದೆಲ್ಲ ಬಾನೆಟ್ ಅಡಿಯಲ್ಲೇ, ಸುಟ್ಟ ಹೊಗೆ ಹೊರಹೋಗುವ ಬಿಸಿ ಎಕ್ಸಾಸ್ಟ್ ಮ್ಯಾನಿಫೋಲ್ಡ್, ಸ್ಪಾರ್ಕ್ ಪ್ಲಗ್ಗಿನ ವಯರು, ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಮತ್ತು ರೇಡಿಯೇಟರ್ ಫ್ಯಾನಿನ ನಡುವೆ ಉಳಿಯುತ್ತದೆ. ಅದಕ್ಕಾಗಿ ಈ ಕೆಲಸದಲ್ಲಿ ಒಂದು ಕಟ್ಟುಪಾಡು ಹಾಕಿಕೊಂಡೆವು: ಉರಿಯುವ ಸ್ಪ್ರೇಯನ್ನು ಎಂಜಿನ್ನಿನ ಹತ್ತಿರ ಒಯ್ಯುವುದಿಲ್ಲ, ಸ್ಪ್ರೇ ಬೇಕಾದ ಭಾಗವನ್ನು ಬಿಚ್ಚಿ ಡಬ್ಬಿ ಇರುವಲ್ಲಿಗೆ ತರುತ್ತೇವೆ.

ಡಬ್ಬಿಯ ಮೇಲಿನ ಚೀಟಿಯನ್ನು ಅವನ ಕೈಯಿಂದಲೇ ಗಟ್ಟಿಯಾಗಿ ಓದಿಸಿದೆ. ಕೆಂಪು ಅಂಚಿನ ವಜ್ರಾಕಾರದೊಳಗೆ ಬೆಂಕಿಯ ಚಿತ್ರ, ‘ಅತ್ಯಂತ ದಹನಶೀಲ ಏರೋಸಾಲ್’ ಎಂಬರ್ಥದ ಮಾತು, ಬಿಸಿ ಮಾಡಿದರೆ ಡಬ್ಬಿ ಸಿಡಿಯಬಹುದು, 50 ಡಿಗ್ರಿ ಸೆಲ್ಸಿಯಸ್ ಮೀರಿದ ಶಾಖಕ್ಕೆ ಒಡ್ಡಬಾರದು, ಖಾಲಿಯಾದ ಮೇಲೂ ತೂತು ಮಾಡಬಾರದು, ಸುಡಬಾರದು. ಒಳಗಿರುವುದು ಏನು ಎಂಬುದು ಅದಕ್ಕಿಂತ ಮುಖ್ಯ. ಮಸಿ ಕರಗಿಸುವ ದ್ರವವಾಗಿ ಅಸಿಟೋನ್, ಟೊಲ್ಯುಯಿನ್, ಮೆಥನಾಲ್, ಹೆಪ್ಟೇನ್‌ಗಳಲ್ಲಿ ಒಂದೋ ಕೆಲವೋ ಇರುತ್ತವೆ. ಅದನ್ನು ಹೊರಗೆ ತಳ್ಳುವ ಅನಿಲವಾಗಿ ಬಹುಪಾಲು ಡಬ್ಬಿಗಳಲ್ಲಿ ಪ್ರೊಪೇನ್ ಮತ್ತು ಬ್ಯೂಟೇನ್ ಇರುತ್ತವೆ. ಅಡುಗೆಮನೆಯ ಸಿಲಿಂಡರಿನಲ್ಲಿ ಇರುವುದೂ ಇವೇ. ಅಸಿಟೋನ್ ಸೊನ್ನೆಗಿಂತ ಸುಮಾರು 20 ಡಿಗ್ರಿ ಕೆಳಗಿನ ಚಳಿಯಲ್ಲಿಯೂ ಕಿಡಿಗೆ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ಟೊಲ್ಯುಯಿನ್‌ಗೆ 4 ಡಿಗ್ರಿ, ಮೆಥನಾಲ್‌ಗೆ 11 ಡಿಗ್ರಿ ಸಾಕು. ಏಪ್ರಿಲ್ ತಿಂಗಳಲ್ಲಿ 40 ಡಿಗ್ರಿ ಮುಟ್ಟುವ ಬಾಗಲಕೋಟೆಯಲ್ಲಿ, ಇವುಗಳಲ್ಲಿ ಯಾವುದೂ ಬೆಂಕಿಗೆ ಸಿದ್ಧವಾಗಿರದ ಹೊತ್ತು ಎಂಬುದೇ ಇಲ್ಲ.

ಆವಿಯ ಪ್ರಮಾಣವನ್ನು ಕಣ್ಣಳತೆಯಲ್ಲಿ ತಿಳಿಯಲಾಗದು, ಲೆಕ್ಕದಲ್ಲಿ ತಿಳಿಯಬಹುದು. ದ್ರವರೂಪದ ಪ್ರೊಪೇನ್-ಬ್ಯೂಟೇನ್ ಅನಿಲವಾಗುವಾಗ ಸುಮಾರು 250 ಪಟ್ಟು ಹಿಗ್ಗುತ್ತದೆ. ಡಬ್ಬಿಯೊಂದರಲ್ಲಿ ಇಂಥ ಅನಿಲ 100 ಮಿಲಿಲೀಟರಿನಷ್ಟು ದ್ರವವಾಗಿ ಇದೆ ಎಂದುಕೊಂಡರೆ, ಹೊರಬಂದಾಗ ಅದು 25 ಲೀಟರ್ ಆಗುತ್ತದೆ. ಗಾಳಿಯಲ್ಲಿ ಶೇಕಡಾ 2ರಷ್ಟು ಬೆರೆತರೆ ಸಾಕು, ಕಿಡಿಗೆ ಹೊತ್ತಿಕೊಳ್ಳುವ ಮಿಶ್ರಣ ಸಿದ್ಧ. ಆ ಲೆಕ್ಕದಲ್ಲಿ 25 ಲೀಟರ್ ಅನಿಲ 1,250 ಲೀಟರ್ ಗಾಳಿಯನ್ನು ಉರಿಯುವಂತೆ ಮಾಡಬಲ್ಲದು. ಸಣ್ಣ ಕಾರಿನ ಬಾನೆಟ್ ಅಡಿಯಲ್ಲಿ ಖಾಲಿ ಇರುವ ಜಾಗ ಕೆಲವು ನೂರು ಲೀಟರಿಗಿಂತ ಹೆಚ್ಚಿರುವುದಿಲ್ಲ. ಡಬ್ಬಿಯನ್ನೆಲ್ಲ ಖಾಲಿ ಮಾಡಬೇಕಿಲ್ಲ. ಅದರ ಒಂದು ಪಾಲು ಸಾಕು. ಇದರಲ್ಲಿ ದ್ರವದ ಆವಿಯನ್ನು ಸೇರಿಸಿಲ್ಲ.

ಹೊತ್ತಿಸಲು ಬೇಕಾದ ಶಕ್ತಿಯೋ ಇನ್ನೂ ಸ್ವಲ್ಪ. ಇಂಥ ಆವಿಗಳಿಗೆ ಕಾಲು ಮಿಲಿಜೌಲ್ ಸುಮಾರಿನ ಕಿಡಿ ಸಾಕಾಗುತ್ತದೆ. ಪ್ಲಗ್ಗಿಗೆ ಕಿಡಿ ಒದಗಿಸುವ ಇಗ್ನಿಷನ್ ಕಾಯಿಲ್ ಪ್ರತಿ ಸಲ ಕೊಡುವುದು ಹತ್ತಾರು ಮಿಲಿಜೌಲ್. ಪ್ಲಗ್ಗಿನ ವಯರಿನ ರಬ್ಬರು ಹಳೆಯದಾಗಿ ಸೀಳಿದ್ದರೆ ಆ ಕಿಡಿ ಎಂಜಿನ್ನಿನ ಹೊರಗೇ ಹಾರುತ್ತಿರುತ್ತದೆ, ಕತ್ತಲಲ್ಲಿ ಬಾನೆಟ್ ಎತ್ತಿ ನೋಡಿದರೆ ನೀಲಿಯಾಗಿ ಕಾಣುವುದೂ ಉಂಟು. ಆಲ್ಟರ್ನೇಟರಿನ ಬ್ರಷ್ (ತಿರುಗುವ ಭಾಗಕ್ಕೆ ಉಜ್ಜುತ್ತ ವಿದ್ಯುತ್ ದಾಟಿಸುವ ತುಂಡು), ಫ್ಯಾನ್ ಮೋಟರಿನ ಬ್ರಷ್, ಸಡಿಲವಾದ ಬ್ಯಾಟರಿ ಟರ್ಮಿನಲ್, ಎಲ್ಲವೂ ಕಿಡಿಯ ತವರು. ರೇಡಿಯೇಟರ್ ಫ್ಯಾನಿನ ವಿಷಯದಲ್ಲಿ ಇನ್ನೊಂದು ಮಾತು ಇದೆ: ಹಲವು ಕಾರುಗಳಲ್ಲಿ ಚಾವಿ ತೆಗೆದ ಮೇಲೂ, ನೀರು ಬಿಸಿ ಇದ್ದರೆ, ಅದು ತಾನಾಗಿಯೇ ತಿರುಗಲು ಆರಂಭಿಸುತ್ತದೆ. ಎಂಜಿನ್ ಬಂದ್ ಇದೆ ಎಂದು ಸ್ಪ್ರೇ ಹೊಡೆದವನ ಬೆರಳಿಗೂ ಅದು ಅಪಾಯ, ಆವಿಗೂ ಅಪಾಯ.

ಬಿಸಿ ಲೋಹದ ಬಗ್ಗೆ ಗ್ಯಾರೇಜಿನಲ್ಲಿ ಎರಡು ಬಗೆಯ ವಾದ ಕೇಳಿಬರುತ್ತದೆ. ನಮ್ಮ ಓಣಿಯ ಹಿರಿಯ ಮಿಸ್ತ್ರಿಯೊಬ್ಬರು ಈ ಮಾತು ಬಂದಾಗಲೆಲ್ಲ, “ಇಷ್ಟ ವರ್ಷ ಹೊಡದೀನ್ರೀ, ಏನೂ ಆಗಿಲ್ಲ,” ಎನ್ನುತ್ತಾರೆ. ಅವರ ಅನುಭವವನ್ನು ತಳ್ಳಿಹಾಕುವಂತಿಲ್ಲ, ಅದಕ್ಕೊಂದು ಕಾರಣವೂ ಇದೆ. ಹೆಪ್ಟೇನ್ ಕಿಡಿಯಿಲ್ಲದೆ ತಾನಾಗಿಯೇ ಹೊತ್ತಿಕೊಳ್ಳುವ ಉಷ್ಣತೆ 200ರಿಂದ 220 ಡಿಗ್ರಿ ಎಂದು ಪುಸ್ತಕಗಳು ಹೇಳುತ್ತವೆ. ಅಸಿಟೋನ್‌ನದು 465ರ ಸುಮಾರು. ಇವು ಮುಚ್ಚಿದ ಪಾತ್ರೆಯಲ್ಲಿ, ಆವಿಗೆ ಸಾಕಷ್ಟು ಸಮಯ ಕೊಟ್ಟು ಅಳೆದ ಅಂಕಿಗಳು. ತೆರೆದ ಗಾಳಿಯಲ್ಲಿ ಬಿಸಿ ಲೋಹದ ಮೇಲೆ ಬಿದ್ದ ದ್ರವ ತಟ್ಟನೆ ಆವಿಯಾಗಿ ಮೇಲೆದ್ದು ಹೋಗುವುದರಿಂದ, ಅದು ಹೊತ್ತಿಕೊಳ್ಳಲು ಲೋಹ ಇನ್ನೂ ಬಹಳಷ್ಟು ಕಾದಿರಬೇಕಾಗುತ್ತದೆ. ನಿಂತಲ್ಲೇ ಓಡುವ ಎಂಜಿನ್ನಿನ ಎಕ್ಸಾಸ್ಟ್ ಮ್ಯಾನಿಫೋಲ್ಡ್ 200-300 ಡಿಗ್ರಿಯಲ್ಲಿ ಇರುವಾಗ ಹತ್ತು ಸಲ ಹೊಡೆದರೆ ಹತ್ತು ಸಲವೂ ಬರಿಯ ಹೊಗೆ ಎದ್ದು ಹೋಗಬಹುದು. ಆದರೆ ಅದೇ ಗಾಡಿ ಭಾರ ಹೇರಿಕೊಂಡು ಹೆದ್ದಾರಿಯಲ್ಲಿ ಓಡಿ ಬಂದು ಈಗತಾನೇ ನಿಂತಿದ್ದರೆ ಮ್ಯಾನಿಫೋಲ್ಡ್ 500 ಡಿಗ್ರಿಯನ್ನೂ ದಾಟಿರಬಹುದು, ಅದರ ತಗಡಿನ ಮುಚ್ಚಳದೊಳಗೆ ಗಾಳಿಯಾಡದ ಸಂದಿಯೂ ಇರುತ್ತದೆ. ಮಿಸ್ತ್ರಿ ಸುರಕ್ಷಿತವಾಗಿ ಉಳಿದದ್ದು ಗಾಳಿ, ಉಷ್ಣತೆ ಮತ್ತು ಮಿಶ್ರಣದ ಪ್ರಮಾಣ ಅಂದಂದು ಹೇಗೋ ಹೊಂದಿಕೊಂಡದ್ದರಿಂದ. ಆ ಮೂರರಲ್ಲಿ ಒಂದನ್ನೂ ಅವರು ಅಳೆದಿರಲಿಲ್ಲ.

ಹೀಗಾಗಿ ಸೋರಿಕೆ ಹುಡುಕಲು ನಾವು ಬಳಸಿದ್ದು ನೀರು. ಗಿಡಗಳಿಗೆ ಸಿಂಪಡಿಸುವ ಸಣ್ಣ ಪ್ಲಾಸ್ಟಿಕ್ ಬಾಟಲಿಯ ಮೂತಿಯನ್ನು ತಿರುವಿ, ಹನಿ ಮಂಜಿನಂತಲ್ಲದೆ ಸಣ್ಣ ಎಳೆಯಾಗಿ ಬರುವಂತೆ ಮಾಡಿಕೊಂಡು, ಎಂಜಿನ್ ಚಾಲೂ ಇಟ್ಟು, ಇಂಟೇಕ್ ಬದಿಯ ಒಂದೊಂದು ಜೋಡಣೆಯ ಮೇಲೂ ಒಂದೊಂದೇ ಸಲ ಹೊಡೆಯುತ್ತ ಬಂದೆವು. ತತ್ವ ಸರಳ: ಸೋರುವ ಬಿರುಕಿಗೆ ನೀರು ತಾಗಿದಾಗ ಅದು ಕ್ಷಣಕಾಲ ಬಿರುಕನ್ನು ಮುಚ್ಚುತ್ತದೆ, ಒಳಗೆ ಹೋಗುವ ಗಾಳಿ ಕಡಿಮೆಯಾಗುತ್ತದೆ, ಎಂಜಿನ್ನಿನ ದನಿ ಇಳಿಯುತ್ತದೆ. ಕಾರ್ಬ್ ಕ್ಲೀನರ್ ಕೊಡುವ ಉತ್ತರವನ್ನೇ ನೀರೂ ಕೊಡುತ್ತದೆ, ಸ್ವಲ್ಪ ಮೆಲುದನಿಯಲ್ಲಿ. ಆದುದರಿಂದ ಕಿವಿಯನ್ನು ನಂಬದೆ ಸ್ಕ್ಯಾನರಿನ ಒತ್ತಡದ ಅಂಕಿಯನ್ನು ಒಬ್ಬರು ನೋಡುತ್ತಿರಬೇಕು. ಬಾಟಲಿ ನನ್ನ ಕೈಯಲ್ಲಿತ್ತು, ಅಂಕಿಯನ್ನು ಅವನು ಕೂಗುತ್ತಿದ್ದ. ನೀರಿಗೂ ಕೆಲವು ಎಚ್ಚರಿಕೆಗಳಿವೆ. ಎಕ್ಸಾಸ್ಟ್ ಬದಿಗೆ ಬೀಳಬಾರದು, ಕಾದ ಎರಕದ ಕಬ್ಬಿಣ ಹಠಾತ್ ತಣಿದರೆ ಸೀಳಬಹುದು. ಕಾಯಿಲ್ ಮತ್ತು ಪ್ಲಗ್ಗಿನ ಟೋಪಿಗಳ ಮೇಲೆ ಬೀಳಬಾರದು. ತೋಳಿನ ಗುಂಡಿ ಹಾಕಿ, ಕೊರಳಿನ ಟವೆಲ್ ತೆಗೆದಿಟ್ಟು, ಬೆಲ್ಟಿನಿಂದ ಕೈ ದೂರವಿಟ್ಟು ಮಾಡುವ ಕೆಲಸ ಇದು.

ಮ್ಯಾನಿಫೋಲ್ಡ್ ಗ್ಯಾಸ್ಕೆಟ್ (ಜೋಡಣೆಯ ನಡುವೆ ಸೋರಿಕೆ ತಡೆಯುವ ಹಾಳೆ) ಸುತ್ತ ಹೊಡೆದಾಗ ಅಂಕಿ ಅಲುಗಲಿಲ್ಲ. ಇಂಜೆಕ್ಟರುಗಳ ಬುಡದ ರಿಂಗುಗಳಲ್ಲಿಯೂ ಏನಿಲ್ಲ. ಬ್ರೇಕ್ ಬೂಸ್ಟರಿಗೆ ಹೋಗುವ ದಪ್ಪ ಪೈಪಿನ ಎರಡೂ ತುದಿ ಸರಿಯಾಗಿದ್ದವು. ಮ್ಯಾನಿಫೋಲ್ಡಿನ ಹಿಂಬದಿಯಲ್ಲಿ, ಫೈರ್‌ವಾಲ್ (ಎಂಜಿನ್ನಿಗೂ ಕೂರುವ ಜಾಗಕ್ಕೂ ನಡುವಿನ ತಗಡಿನ ಗೋಡೆ) ಕಡೆ ಮುಖ ಮಾಡಿರುವ ಸಣ್ಣ ರಬ್ಬರ್ ಮೊಣಕೈ ಪೈಪಿನ ಮೇಲೆ ನೀರು ಬಿದ್ದಾಗ ‘ಸುರ್’ ಎಂಬ ಸಣ್ಣ ಸದ್ದು ಬಂತು, 46ರಲ್ಲಿದ್ದ ಅಂಕಿ 39ಕ್ಕೆ ಇಳಿದು ಮರುಕ್ಷಣ ಹಳೆಯ ಜಾಗಕ್ಕೆ ಏರಿತು. ಟಾರ್ಚ್ ಹಾಕಿ ನೋಡಿದರೆ ಪೈಪು ಚೆನ್ನಾಗಿಯೇ ಕಾಣುತ್ತಿತ್ತು. ಎಂಜಿನ್ ಬಂದ್ ಮಾಡಿ, ತಣಿದ ಮೇಲೆ ಅದನ್ನು ಕಳಚಿ ಬೆರಳಲ್ಲಿ ಬಾಗಿಸಿದಾಗ ಒಳಬಾಗಿನ ಉದ್ದಕ್ಕೂ ಬ್ಲೇಡಿನಿಂದ ಗೀರಿದಂತಹ ಸೀಳು ಬಾಯ್ದೆರೆಯಿತು. ವರ್ಷಗಟ್ಟಲೆ ಶಾಖ ಕುಡಿದ ರಬ್ಬರು ಉಗುರಿಗೂ ಜಗ್ಗದಷ್ಟು ಗಟ್ಟಿಯಾಗಿತ್ತು. ಅಂಗಡಿಯಿಂದ ಅದೇ ಅಳತೆಯ ಹೊಸ ಪೈಪು ಮತ್ತು ಥ್ರಾಟಲ್ ಬಾಡಿಯ ಗ್ಯಾಸ್ಕೆಟ್ಟನ್ನು ಅವನು ಹಳೇ ಊರಿಗೆ ಹೋಗಿ ತಂದ.

ಥ್ರಾಟಲ್ ಬಾಡಿಯ ಕೆಲಸವನ್ನು ಮರುದಿನ ಬೆಳಗಿಗೆ ಇಟ್ಟುಕೊಂಡೆವು, ಎಂಜಿನ್ ರಾತ್ರಿಯೆಲ್ಲ ತಣಿಯಲಿ ಎಂಬ ಕಾರಣಕ್ಕೆ. ಅವಸರವಿದ್ದವರೂ ಬರಿಗೈಯಿಂದ ಎಕ್ಸಾಸ್ಟ್ ಮ್ಯಾನಿಫೋಲ್ಡನ್ನು ಮುಟ್ಟಿ ಹಿಡಿಯಲು ಬರುವಷ್ಟು ಹೊತ್ತು ಕಾಯಲೇಬೇಕು. ಬಾನೆಟ್ ಎತ್ತಿ ಬಿಟ್ಟರೂ ಅದಕ್ಕೆ ಗಂಟೆಗಟ್ಟಲೆ ಬೇಕಾಗುತ್ತದೆ. ಸೈಲೆನ್ಸರಿನ ದಾರಿಯಲ್ಲಿ ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಇನ್ನೂ ತಡವಾಗಿ ತಣಿಯುತ್ತದೆ, ಕೆಳಗೆ ಇರುವುದರಿಂದ ಕಣ್ಣಿಗೆ ಬೀಳುವುದಿಲ್ಲ, ಆವಿ ಇಳಿದು ಬರುವುದು ಅದರ ಕಡೆಗೇ.

ಬೆಳಿಗ್ಗೆ ಮೊದಲು ಮಾಡಿದ್ದು ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಬಿಚ್ಚುವ ಕೆಲಸ. ಈ ಕ್ರಮವನ್ನು ಹಿಂದುಮುಂದು ಮಾಡುವಂತಿಲ್ಲ. ಟರ್ಮಿನಲ್ ಬಿಚ್ಚುವಾಗಲೂ ಹಾಕುವಾಗಲೂ ಒಂದು ಸಣ್ಣ ಕಿಡಿ ಬರುವುದು ಸಹಜ, ಹಾಗಾಗಿ ಬಿಚ್ಚುವುದು ಡಬ್ಬಿಯ ಮುಚ್ಚಳ ತೆಗೆಯುವ ಮೊದಲು, ಹಾಕುವುದು ಆವಿಯೆಲ್ಲ ಹೋದ ಮೇಲೆ. ಬಿಚ್ಚಿದ ವಯರಿನ ತುದಿಗೆ ಹಳೆಯ ಬಟ್ಟೆ ಸುತ್ತಿ ಪಕ್ಕಕ್ಕೆ ಕಟ್ಟಿದೆವು, ತಾನಾಗಿ ಹೋಗಿ ತಾಗದಂತೆ.

ನಂತರ ಏರ್ ಫಿಲ್ಟರಿನ ಕೊಳವೆ ತೆಗೆದು, ಆಕ್ಸಿಲರೇಟರ್ ಕೇಬಲ್ ಮತ್ತು ಸೆನ್ಸರಿನ ಸಾಕೆಟ್ ಕಳಚಿ, 10ರ ಬಾಕ್ಸ್ ಪಾನಾದಿಂದ ಬೋಲ್ಟು ಬಿಚ್ಚಿ ಥ್ರಾಟಲ್ ಬಾಡಿಯನ್ನು ಕೈಗೆ ತೆಗೆದುಕೊಂಡೆವು. ಕೆಲವು ಕಾರುಗಳಲ್ಲಿ ರೇಡಿಯೇಟರ್ ನೀರಿನ ಸಣ್ಣ ಪೈಪುಗಳೂ ಇದಕ್ಕೆ ಸೇರಿರುತ್ತವೆ, ಅವನ್ನು ಬಿಚ್ಚುವ ಮೊದಲು ಒತ್ತುಕ್ಲಿಪ್ಪು ಹಾಕಬೇಕು. ಮ್ಯಾನಿಫೋಲ್ಡಿನ ತೆರೆದ ಬಾಯಿಗೆ ಒಣ ಬಟ್ಟೆ ತುರುಕಿ, ಅದರ ಬಾಲ ಹೊರಗೆ ಕಾಣುವಂತೆ ಬಿಟ್ಟೆವು.

ಕೆಲಸದ ಜಾಗದ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ನಮ್ಮ ಗ್ಯಾರೇಜುಗಳಲ್ಲಿ ಹೆಚ್ಚು ಉಪೇಕ್ಷೆ ಆಗುವುದು ಇಲ್ಲಿಯೇ. ಪ್ರೊಪೇನ್ ಗಾಳಿಗಿಂತ ಒಂದೂವರೆ ಪಟ್ಟು ಭಾರ, ಬ್ಯೂಟೇನ್ ಮತ್ತು ಅಸಿಟೋನ್ ಎರಡು ಪಟ್ಟು, ಟೊಲ್ಯುಯಿನ್ ಮೂರು ಪಟ್ಟಿಗಿಂತ ಹೆಚ್ಚು. ಹಾಗಾಗಿ ಆವಿ ಮೇಲೇರಿ ಹೋಗಿಬಿಡುತ್ತದೆ ಎಂದು ತಿಳಿಯುವಂತಿಲ್ಲ. ನೀರಿನಂತೆ ತಗ್ಗನ್ನು ಹುಡುಕಿಕೊಂಡು ನೆಲದ ಮೇಲೆ ಹರಿಯುತ್ತದೆ. ಗಾಡಿಯ ಕೆಳಗೆ ಇಳಿದು ಕೆಲಸ ಮಾಡಲು ತೋಡಿದ ಪಿಟ್ ಇರುವ ಗ್ಯಾರೇಜಿನಲ್ಲಿ ಅದು ಪಿಟ್ಟಿನೊಳಗೆ ಹೋಗಿ ನಿಲ್ಲುತ್ತದೆ, ಅಲ್ಲಿ ಗಾಳಿಯಾಡುವುದಿಲ್ಲ, ಅಲ್ಲಿಯೇ ಹೋಲ್ಡರಿಗೆ ಹಾಕಿದ ಬಲ್ಬೂ ಉರಿಯುತ್ತಿರುತ್ತದೆ. ದೂರದಲ್ಲಿ ಎಲ್ಲೋ ಹೊತ್ತಿಕೊಂಡರೂ ಬೆಂಕಿ ಆವಿಯ ಜಾಡನ್ನೇ ಹಿಡಿದು ಡಬ್ಬಿ ಹಿಡಿದವನ ಕೈವರೆಗೆ ಹಿಂತಿರುಗಿ ಬರಬಲ್ಲದು. ನಮ್ಮ ಶೆಡ್ಡಿನಲ್ಲಿ ಪಿಟ್ ಇಲ್ಲ, ಆದರೂ ಶೆಡ್ಡನ್ನು ಬಿಟ್ಟು ಅಂಗಳದ ತೆರೆದ ಭಾಗದಲ್ಲಿ, ಕಾರಿನಿಂದ ನಾಲ್ಕೈದು ಮೀಟರ್ ಆಚೆ, ಗಾಳಿ ನಮ್ಮ ಬೆನ್ನ ಕಡೆಯಿಂದ ಬಂದು ಬಯಲಿಗೆ ಹೋಗುವಂತೆ ಕಲ್ಲಿನ ಕಟ್ಟೆಯ ಮೇಲೆ ಕಬ್ಬಿಣದ ಬುಟ್ಟಿ ಇಟ್ಟುಕೊಂಡೆವು.

ಆಮೇಲೆ ಸುತ್ತಲಿನ ಬೆಂಕಿಯ ಮೂಲಗಳನ್ನು ಹುಡುಕಿದೆವು. ಅಡುಗೆಮನೆಯ ಕಿಟಕಿ ಆ ಕಡೆಗೇ ತೆರೆದಿತ್ತು, ಅಕ್ಕನಿಗೆ ಹೇಳಿ ಮುಚ್ಚಿಸಿದೆ. ಪಡಸಾಲೆಯ ಮೂಲೆಯಲ್ಲಿರುವ ಇನ್ವರ್ಟರ್ ಕರೆಂಟ್ ಹೋದಾಗ ‘ಟಕ್’ ಎಂದು ರಿಲೇ ಬದಲಿಸುತ್ತದೆ, ಆ ಬಾಗಿಲನ್ನೂ ಮುಚ್ಚಿದೆವು. ಗ್ಯಾರೇಜುಗಳಲ್ಲಿ ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ದೇವರ ಫೋಟೋಕ್ಕೆ ಊದಿನಕಡ್ಡಿ ಹಚ್ಚಿ, ಉಳಿದ ಕಡ್ಡಿಯನ್ನು ಪರಿಕರಗಳ ಪೆಟ್ಟಿಗೆಯ ಮೇಲೆ ಸಿಕ್ಕಿಸುವ ವಾಡಿಕೆ ಇದೆ. ಪೂಜೆಯನ್ನು ಬಿಡಬೇಕೆಂದಲ್ಲ, ಸ್ಪ್ರೇ ಕೆಲಸವನ್ನು ಕಡ್ಡಿ ಪೂರ್ತಿ ಆರಿದ ಮೇಲೆ ಇಟ್ಟುಕೊಂಡರಾಯಿತು. ಬೀಡಿ ಸೇದುವವರಿಗೆ ಹೇಳುವುದು ಮಾತ್ರ ಪ್ರತಿ ಸಲವೂ ಹೊಸದಾಗಿ ಹೇಳಬೇಕಾಗುತ್ತದೆ. ಆವಿ ಬೇಗ ಹೋಗಲಿ ಎಂದು ಕೈಯಲ್ಲಿ ಹಿಡಿಯುವ ಬ್ಲೋವರ್ ಅಥವಾ ತಲೆಗೂದಲು ಒಣಗಿಸುವ ಯಂತ್ರವನ್ನು ಹಿಡಿಯುವವರನ್ನೂ ಕಂಡಿದ್ದೇನೆ. ಅವುಗಳ ಮೋಟರಿನಲ್ಲಿ ಬ್ರಷ್ ಇರುವುದರಿಂದ ಕಿಡಿ ನಿರಂತರ, ಎರಡನೆಯದರಲ್ಲಿ ಕೆಂಪಗೆ ಕಾದ ತಂತಿಯೂ ಸೇರಿಕೊಳ್ಳುತ್ತದೆ. ಬೆಳಕಿಗೆ ಹಳೆಯ ತಂತಿಯ ಬಲ್ಬಿನ ಬದಲು ಮುಚ್ಚಿದ ಎಲ್‌ಇಡಿ ಟಾರ್ಚ್ ಒಳ್ಳೆಯದು, ಕೆಲಸಕ್ಕೆ ಮೊದಲೇ ಹಚ್ಚಿಟ್ಟುಕೊಂಡರೆ ಇನ್ನೂ ಒಳ್ಳೆಯದು.

ಎರಡು ಕೆಜಿಯ ಎಬಿಸಿ ಪುಡಿಯ ಅಗ್ನಿಶಾಮಕ ಸಿಲಿಂಡರನ್ನು, ಒತ್ತಡದ ಮುಳ್ಳು ಹಸಿರು ಭಾಗದಲ್ಲಿ ಇದೆಯೇ ಎಂದು ನೋಡಿ, ಗಾಳಿ ಬರುವ ದಿಕ್ಕಿನಲ್ಲಿ ನಮ್ಮ ಬೆನ್ನ ಹಿಂದೆ ಇಟ್ಟೆವು. ಕೆಲಸದ ಪಕ್ಕದಲ್ಲೇ ಇಟ್ಟರೆ ಬೆಂಕಿ ಬಿದ್ದಾಗ ಕೈಗೆ ಸಿಗುವುದಿಲ್ಲ.

ಸ್ವಚ್ಛಗೊಳಿಸುವುದು ಸುಲಭದ ಭಾಗ. ಕನ್ನಡಕ ಮತ್ತು ಇಂಥ ದ್ರಾವಕ ತಡೆಯುವ ಕೈಗವಸು ಹಾಕಿಕೊಳ್ಳಬೇಕು; ಮೆಥನಾಲ್ ಚರ್ಮದ ಮೂಲಕವೂ ದೇಹಕ್ಕೆ ಸೇರುತ್ತದೆ, ಟೊಲ್ಯುಯಿನ್ ತಲೆನೋವು, ತಲೆಸುತ್ತು ತರುತ್ತದೆ. ಡಬ್ಬಿಯ ಮೂತಿಗೆ ಕೆಂಪು ಕೊಳವೆಯನ್ನು ಗಟ್ಟಿಯಾಗಿ ಸಿಕ್ಕಿಸಿ, ನೇರವಾಗಿ ಥ್ರಾಟಲ್ ಬಾಡಿಗೆ ಹೊಡೆಯದೆ ಮೊದಲು ಹಳೆಯ ಬನಿಯನ್ ಬಟ್ಟೆಯನ್ನು ಒದ್ದೆ ಮಾಡಿ ಅದರಿಂದ ಒರೆಸಿದೆವು. ತಟ್ಟೆಯ ಅಂಚಿನಲ್ಲಿ, ಅದು ಗೋಡೆಗೆ ತಾಗುವ ಕೂದಲೆಳೆಯಷ್ಟು ಸಂದಿಯಲ್ಲಿ, ಡಾಂಬರಿನಂತೆ ಅಂಟಿದ ಕಪ್ಪು ಪಟ್ಟಿ ಇರುತ್ತದೆ. ಐಡ್ಲಿಂಗ್ ಕೆಡಿಸುವುದು ಅದೇ. ಅಲ್ಲಿಗೆ ಮಾತ್ರ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ, ಉಳಿದದ್ದಕ್ಕೆ ಒಂದೆರಡು ಸೆಕೆಂಡಿನ ಸಣ್ಣ ಸಣ್ಣ ಹೊಡೆತ ಸಾಕಾಯಿತು. ಹೀಗೆ ಮಾಡಿದರೆ ಡಬ್ಬಿಯಲ್ಲಿ ಮುಕ್ಕಾಲು ಪಾಲು ಉಳಿಯುತ್ತದೆ, ಆವಿಯೂ ಅಷ್ಟೇ ಕಡಿಮೆ. ತಟ್ಟೆಗೆ ಕಾರ್ಖಾನೆಯಲ್ಲಿಯೇ ಲೇಪ ಹಚ್ಚಿರುವ ಕಾರುಗಳಲ್ಲಿ ಬ್ರಷ್ ಹಾಕದೆ ಬಟ್ಟೆಯಲ್ಲೇ ಮುಗಿಸಬೇಕು. ಐಡಲ್ ವಾಲ್ವಿನ ಮೂತಿಯನ್ನೂ ಬಟ್ಟೆಯಿಂದ ಒರೆಸಿದೆವು. ಅದನ್ನು ಕೈಯಿಂದ ಒತ್ತಿ ಒಳಗೆ ತಳ್ಳಬಾರದು, ಮೋಟರಿನೊಳಗೆ ಸ್ಪ್ರೇ ಇಳಿಯಲೂಬಾರದು. ಡಬ್ಬಿಯನ್ನು ತಲೆಕೆಳಗು ಹಿಡಿದರೆ ಒಳಗಿನ ಕೊಳವೆ ದ್ರವದಿಂದ ಮೇಲೆದ್ದು ಬರಿಯ ಅನಿಲವೇ ಹೊರಬರುತ್ತದೆ: ಮಸಿ ಹೋಗುವುದಿಲ್ಲ, ಅಪಾಯ ಮಾತ್ರ ಹೆಚ್ಚುತ್ತದೆ.

“ಉರಿಯದ್ದು ಸಿಗತಾವಲ್ಲ ಮಾಮಾ, ಅದನ್ನ ತಂದ್ರ ಇಷ್ಟೆಲ್ಲಾ ಬ್ಯಾಡಲ್ಲ?” ಎಂದು ಹುಡುಗ ಕೇಳಿದ. ಪ್ರಶ್ನೆ ನ್ಯಾಯವಾದದ್ದೇ. ಕ್ಲೋರಿನ್ ಸೇರಿದ ದ್ರಾವಕವಿರುವ ಬ್ರೇಕ್ ಕ್ಲೀನರುಗಳು ಬೆಂಕಿ ಹಿಡಿಯುವುದಿಲ್ಲ ಎಂಬುದು ನಿಜ. ಆದರೆ ಆ ದ್ರಾವಕದ ಆವಿ ಬೆಂಕಿ, ವೆಲ್ಡಿಂಗ್ ಅಥವಾ ತೀರಾ ಕಾದ ಲೋಹದ ಸಂಪರ್ಕಕ್ಕೆ ಬಂದರೆ ಒಡೆದು ಹೈಡ್ರೋಜನ್ ಕ್ಲೋರೈಡ್ ಮತ್ತು ಫಾಸ್ಜಿನ್ ಆಗುತ್ತದೆ. ಫಾಸ್ಜಿನ್ ಮೊದಲ ಮಹಾಯುದ್ಧದಲ್ಲಿ ವಿಷಾನಿಲವಾಗಿ ಬಳಕೆಯಾದದ್ದು. ಸ್ವಲ್ಪ ಪ್ರಮಾಣವೂ ಶ್ವಾಸಕೋಶಕ್ಕೆ ಮಾರಕ, ಅದರ ಪರಿಣಾಮ ಕೆಲವು ಗಂಟೆ ತಡವಾಗಿ ಕಾಣಿಸಿಕೊಳ್ಳುತ್ತದೆ. ಸೈಲೆನ್ಸರ್ ಬ್ರಾಕೆಟ್ಟನ್ನು ಬ್ರೇಕ್ ಕ್ಲೀನರಿನಿಂದ ತೊಳೆದು ಒದ್ದೆಯಲ್ಲೇ ವೆಲ್ಡಿಂಗ್ ಹಿಡಿಯುವುದು ನಮ್ಮ ಕಡೆಯೂ ಉಂಟು, ಅದನ್ನು ಕಂಡಲ್ಲಿ ತಡೆಯಬೇಕು. ಒಟ್ಟಿನಲ್ಲಿ ಡಬ್ಬಿ ಯಾವುದಾದರೂ ತಣ್ಣಗಿನ ಲೋಹ ಮತ್ತು ತೆರೆದ ಗಾಳಿ ತಪ್ಪುವುದಿಲ್ಲ.

ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆ ಎಸೆಯದೆ ಅಂಗಳದ ತಂತಿಯ ಮೇಲೆ ಬಿಡಿಬಿಡಿಯಾಗಿ ಹರವಿದೆವು. ಥ್ರಾಟಲ್ ಬಾಡಿಯನ್ನು ವಾಸನೆ ಪೂರ್ತಿ ಹೋಗುವವರೆಗೆ ಬಿಸಿಲಿಗೆ ಬಿಟ್ಟು, ಡಬ್ಬಿಗೆ ಮುಚ್ಚಳ ಹಾಕಿ ಮನೆಯ ನೆರಳಿನ ಕಪಾಟಿಗೆ ಕಳಿಸಿದ ಮೇಲೆಯೇ ಕಾರಿನ ಹತ್ತಿರ ಹೋದೆವು. ಹೊಸ ಗ್ಯಾಸ್ಕೆಟ್, ಹೊಸ ಮೊಣಕೈ ಪೈಪು, ಹಳೆಯ ಕ್ಲ್ಯಾಂಪಿನ ಬದಲು ಹೊಸದು. ಬೋಲ್ಟುಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿದರೆ ಅಲ್ಯೂಮಿನಿಯಂ ಮುಖ ಓರೆಯಾಗುವುದಿಲ್ಲ. ಮ್ಯಾನಿಫೋಲ್ಡಿನ ಬಾಯಲ್ಲಿದ್ದ ಬಟ್ಟೆ ತೆಗೆದದ್ದನ್ನು ಇಬ್ಬರೂ ನೋಡಿ ಖಾತ್ರಿ ಮಾಡಿಕೊಂಡೆವು.

ಭಾಗವನ್ನು ಬಿಚ್ಚಲು ಬಾರದೆ ಗಾಡಿಯ ಮೇಲೆಯೇ ಸ್ವಚ್ಛಗೊಳಿಸಬೇಕಾದ ಸಂದರ್ಭಗಳೂ ಇರುತ್ತವೆ. ಆಗಲೂ ತಣ್ಣಗಿನ ಎಂಜಿನ್, ಬಿಚ್ಚಿದ ಬ್ಯಾಟರಿ, ಬಟ್ಟೆಗೆ ಮಾತ್ರ ಸ್ಪ್ರೇ ಎಂಬ ಕ್ರಮವೇ ನಡೆಯಬೇಕು, ಮುಗಿದ ಮೇಲೆ ಬಾನೆಟ್ ತೆರೆದಿಟ್ಟು ಕನಿಷ್ಠ ಅರ್ಧ ಗಂಟೆ ಬಿಡಬೇಕು. ಒಳಗೆ ದ್ರವ ಹರಿದು ಮ್ಯಾನಿಫೋಲ್ಡಿನ ತಗ್ಗಿನಲ್ಲಿ ನಿಂತಿದ್ದರೆ ಎಂಜಿನ್ ಚಾಲೂ ಮಾಡುವಾಗ ಬ್ಯಾಕ್‌ಫೈರ್ ಆಗಿ ಬೆಂಕಿ ಏರ್ ಫಿಲ್ಟರಿನ ಕಡೆಗೆ ಉಗುಳಬಹುದು. ಆದುದರಿಂದ ಏರ್ ಫಿಲ್ಟರಿನ ಡಬ್ಬಿ ಮತ್ತು ಕೊಳವೆಯನ್ನು ಜೋಡಿಸದೆ ಚಾವಿ ತಿರುಗಿಸಬಾರದು, ಬಾನೆಟ್ ಒಳಗೆ ಇಣುಕಿಕೊಂಡು ಯಾರೂ ನಿಂತಿರಬಾರದು.

ಒಂದು ವೇಳೆ ಬಾನೆಟ್ ಅಡಿಯಲ್ಲಿ ಬೆಂಕಿ ಹೊತ್ತಿಕೊಂಡರೆ ಏನು ಮಾಡಬೇಕು ಎಂಬುದನ್ನು ಹುಡುಗನಿಗೆ ಕೆಲಸಕ್ಕೆ ಮೊದಲೇ ಹೇಳಿದ್ದೆ. ಚಾವಿ ತೆಗೆಯುವುದು, ಡಬ್ಬಿಯನ್ನು ಬೆಂಕಿಯಿಂದ ದೂರಕ್ಕೆ ಒಯ್ಯಲು ಬಂದರೆ ಒಯ್ಯುವುದು, ಬಾರದಿದ್ದರೆ ಬಿಟ್ಟು ಹಿಂದೆ ಸರಿಯುವುದು. ಮುಚ್ಚಿದ ಬಾನೆಟ್ಟನ್ನು ಪೂರ್ತಿ ಎತ್ತಿದರೆ ಬೆಂಕಿಗೆ ಗಾಳಿ ಕೊಟ್ಟಂತೆ. ಲಾಕ್ ಸಡಿಲಿಸಿ, ಬೆರಳಿನಷ್ಟು ಸಂದಿಯಿಂದಲೇ ಬೆಂಕಿಯ ಬುಡಕ್ಕೆ ಪುಡಿ ಹೊಡೆಯಬೇಕು. ನೀರು ಎರಚಿದರೆ ಉರಿಯುವ ದ್ರವ ತೇಲಿಕೊಂಡು ಹರಡುತ್ತದೆ. ಮೆಥನಾಲ್ ಇರುವ ಸ್ಪ್ರೇಯ ಬೆಂಕಿ ಮಧ್ಯಾಹ್ನದ ಬಿಸಿಲಲ್ಲಿ ಕಣ್ಣಿಗೆ ಕಾಣುವುದೇ ಕಷ್ಟ, ಗಾಳಿ ಅಲುಗಿದಂತೆ ಕಂಡರೂ ಕೈ ಹಾಕಬಾರದು. ಸಿಲಿಂಡರಿನಲ್ಲಿರುವ ಪುಡಿ ಸೆಕೆಂಡುಗಳಲ್ಲಿ ಮುಗಿಯುತ್ತದೆ. ಅಷ್ಟರಲ್ಲಿ ಆರದಿದ್ದರೆ ಕಾರಿನ ಆಸೆ ಬಿಟ್ಟು ದೂರ ನಿಂತು 112ಕ್ಕೆ ಕರೆ ಮಾಡಬೇಕು.

ಅದಾವುದರ ಅಗತ್ಯ ಬೀಳಲಿಲ್ಲ. ಬ್ಯಾಟರಿ ಹಾಕಿ, ಎಂಜಿನ್ ಚಾಲೂ ಮಾಡಿ, ಕಂಪ್ಯೂಟರ್ ಹೊಸ ಲೆಕ್ಕ ಕಲಿಯಲಿ ಎಂದು ಫ್ಯಾನ್ ಎರಡು ಸಲ ತಿರುಗಿ ನಿಲ್ಲುವವರೆಗೆ ಎಸಿ, ಲೈಟು ಹಾಕದೆ ಬಿಟ್ಟೆವು. ಮುಳ್ಳು 800ರ ಮೇಲೆ ನಿಂತಿತು, ಒತ್ತಡ 34 ತೋರಿಸಿತು. ಎಸಿ ಹಾಕಿದಾಗ ಒಮ್ಮೆ ಕುಸಿದು ತಾನೇ ಸರಿಮಾಡಿಕೊಂಡಿತು.

ಉಳಿದ ಡಬ್ಬಿಯನ್ನು ಹುಡುಗ ಕಾರಿನ ಹಿಂದಿನ ಡಿಕ್ಕಿಯಲ್ಲಿ ಇಡಲು ಹೊರಟಿದ್ದ. ಬಿಸಿಲಲ್ಲಿ ಗಾಜು ಏರಿಸಿ ನಿಲ್ಲಿಸಿದ ಕಾರಿನ ಒಳಗೆ ನಮ್ಮ ಬೇಸಿಗೆಯಲ್ಲಿ 60 ಡಿಗ್ರಿ ಮೀರುತ್ತದೆ. ಡಬ್ಬಿಯ ಮಿತಿ 50. ಖಾಲಿ ಡಬ್ಬಿಯನ್ನು ಖಾಲಿ ಸೈಟಿನಲ್ಲಿ ಕಸ ಸುಡುವ ರಾಶಿಗೆ ಹಾಕುವುದೂ ಇದೇ ಬಗೆಯ ತಪ್ಪು, ಒಳಗೆ ಉಳಿದ ಅನಿಲವೇ ಸಿಡಿಯಲು ಸಾಕು. ಮೂತಿ ಒತ್ತಿ ಬಯಲಿನಲ್ಲಿ ಪೂರ್ತಿ ಖಾಲಿ ಮಾಡಿ, ತೂತು ಮಾಡದೆ, ಕಸ ಒಯ್ಯುವವರಿಗೆ ಏರೋಸಾಲ್ ಡಬ್ಬಿ ಎಂದು ಹೇಳಿ ಕೊಡಬೇಕು.

ಕಬ್ಬಿನ ಹಂಗಾಮಿನಲ್ಲಿ ಈ ಭಾಗದ ಟ್ರ್ಯಾಕ್ಟರಿನವರು ಬಳಸುವ ಇನ್ನೊಂದು ಡಬ್ಬಿಯ ವಿಷಯವನ್ನೂ ಸೇರಿಸಬೇಕು. ಚಳಿಯ ಬೆಳಗಿನಲ್ಲಿ ಡೀಸೆಲ್ ಎಂಜಿನ್ ಹಟ ಹಿಡಿದಾಗ ಏರ್ ಫಿಲ್ಟರಿನ ಬಾಯಿಗೆ ಹೊಡೆಯುವ ಸ್ಟಾರ್ಟಿಂಗ್ ಸ್ಪ್ರೇ ಅದು, ಒಳಗಿರುವುದು ಈಥರ್. ಈಥರ್ 160ರಿಂದ 180 ಡಿಗ್ರಿಯಲ್ಲೇ ಕಿಡಿಯಿಲ್ಲದೆ ಹೊತ್ತಿಕೊಳ್ಳುತ್ತದೆ, ಡೀಸೆಲ್ಲಿಗಿಂತ ಬಹಳ ಮೊದಲೇ. ಚಾಲೂ ಮಾಡುವ ಮೊದಲು ಒಳಭಾಗ ಕಾಯಿಸುವ ಗ್ಲೋ ಪ್ಲಗ್ ಅಥವಾ ಮ್ಯಾನಿಫೋಲ್ಡ್ ಹೀಟರ್ ಇರುವ ಎಂಜಿನ್ನಿಗೆ, ಅದು ಕಾದಿರುವಾಗ, ಈಥರ್ ಹೊಡೆದರೆ ಪಿಸ್ಟನ್ ಮೇಲೆ ಬರುವ ಮೊದಲೇ ಸ್ಫೋಟವಾಗಿ ಪಿಸ್ಟನ್ನೋ ರಿಂಗೋ ಮುರಿಯುತ್ತದೆ, ಇಲ್ಲವೆ ಮ್ಯಾನಿಫೋಲ್ಡಿನೊಳಗೇ ಹೊತ್ತಿಕೊಂಡು ಹೊಡೆದವನ ಮುಖಕ್ಕೆ ಬರುತ್ತದೆ. ಹೀಟರ್ ಇರುವ ಗಾಡಿಗೆ ಈಥರ್ ಮುಟ್ಟಿಸಬಾರದು. ಬ್ಯಾಟರಿ, ಡೀಸೆಲ್ ಫಿಲ್ಟರ್, ಪೈಪಿನಲ್ಲಿ ಸಿಕ್ಕ ಗಾಳಿ, ಇವನ್ನು ನೋಡಬೇಕು. ಹೀಟರ್ ಇಲ್ಲದ ಹಳೆಯ ಟ್ರ್ಯಾಕ್ಟರಿಗೂ ಎಂಜಿನ್ ತಯಾರಕರ ಕೈಪಿಡಿ ಒಪ್ಪಿದ್ದರೆ ಮಾತ್ರ, ಅದು ಹೇಳಿದಷ್ಟೇ.